ಲಿಫಿಯಿಂದ ಶರಾವತಿಗೆ

ಡಬ್ಲಿನ್ನಿನ ಉತ್ತರಕ್ಕಿರುವ ಬ್ಯೂಮಾಂಟಿನಲ್ಲಿ, ಮುಂಜಾನೆ ಕಾಫಿಗೆ ನೀರಿಡುವಾಗ ನನಗೆ ಶರಾವತಿಯ ನೆನಪಾಗುವುದು ಅಕಾರಣವಲ್ಲ; ಈ ನಗರ ಕುಡಿಯುವ ನೀರಿನ ಬಹುಭಾಗ ಲಿಫಿ ನದಿಯದು, ಆ ನದಿಯನ್ನು ಪೂಲಫೂಕದಲ್ಲಿ ವಿದ್ಯುತ್ತಿಗೂ ನೀರಿಗೂ ತಡೆದು 1940ರಲ್ಲಿ ಜಲಾಶಯ ತುಂಬಿದಾಗ ಹೊಲ, ಮನೆ, ಸೇತುವೆಗಳು ಮುಳುಗಿ ಒಕ್ಕಲುಗಳು ಎದ್ದುಹೋದುವು. ಶರಾವತಿಯ ಅಣೆಕಟ್ಟಾದ ಲಿಂಗನಮಕ್ಕಿಯಲ್ಲಿ 1964ರ ಹೊತ್ತಿಗೆ ನಡೆದುದೂ ಅದೇ. ಅಲ್ಲಿಂದೆದ್ದ ಎಷ್ಟೋ ಕುಟುಂಬಗಳು ಇಂದಿಗೂ ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಆಗ ಪರಿಸರ ಪರಿಶೀಲನೆಯ ಶಾಸನ ಎರಡೂ ಕಡೆ ಇರಲಿಲ್ಲ.

ಈಗ ಇದೆ. ಆದರೆ ಅನುಮತಿಗಿಂತ ಮೊದಲು, ಮನಃಪೂರ್ವಕವಾಗಿ ನಡೆಯದ ಪರಿಶೀಲನೆಯ ಬೆಲೆ ಎಷ್ಟೆಂಬುದನ್ನು ಐರ್ಲೆಂಡಿನ ಡೆರಿಬ್ರಿಯನ್ ತೋರಿಸಿಕೊಟ್ಟಿದೆ. ಅಲ್ಲಿ ಇದ್ದುದು ಅಣೆಕಟ್ಟಲ್ಲ, ಗಾಳಿಯಂತ್ರಗಳು. ಆದರೂ ಪಾಠ ಒಂದೇ. 70 ಯಂತ್ರಗಳಿಗಾಗಿ ಬೆಟ್ಟವನ್ನು ಅಗೆಯುತ್ತಿದ್ದಾಗ, 2003ರ ಅಕ್ಟೋಬರಿನಲ್ಲಿ, ನೀರು ಹೀರಿ ಮೆತ್ತಗಾಗಿದ್ದ ಕರಿಯ ಜೌಗುಮಣ್ಣು ಮರಗಳ ಸಮೇತ ಜಾರಿ ಹೊಳೆಗಿಳಿದು ಮೀನುಗಳನ್ನು ಕೊಂದಿತು. ಸರಿಯಾದ ಪರಿಣಾಮ ಪರಿಶೀಲನೆ ನಡೆದಿರಲಿಲ್ಲವೆಂದು ಯುರೋಪಿನ ನ್ಯಾಯಾಲಯ 2008ರಲ್ಲಿ ತೀರ್ಪಿತ್ತು, ತಪ್ಪನ್ನು ತಿದ್ದದೆ ಕಾಲಹರಣ ಮಾಡಿದುದಕ್ಕಾಗಿ 2019ರಲ್ಲಿ 50 ಲಕ್ಷ ಯೂರೋಗಳನ್ನೂ, ಅಲ್ಲಿಂದ ಮುಂದೆ ದಿನಕ್ಕೆ 15,000 ಯೂರೋಗಳನ್ನೂ ದಂಡವಾಗಿ ವಿಧಿಸಿತು. ಕೊನೆಗೆ 2022ರಲ್ಲಿ ಆ ಯಂತ್ರಗಳು ನಿಂತೇಹೋದುವು.

ಇದನ್ನು ಕಣ್ಣಾರೆ ಕಂಡವನಿಗೆ, 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯದಲ್ಲಿ ಯಾರಾದರೂ ಅವಸರ ತೋರಿದರೆ ಎದೆ ನಡುಗುತ್ತದೆ. ಗೇರುಸೊಪ್ಪೆ ಜಲಾಶಯದ ನೀರನ್ನು ಸುರಂಗದ ಮೂಲಕ ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗೆ ಹರಿಸುವ ಈ ಯೋಜನೆ, ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ನುಂಗುತ್ತದೆ. ಅದರ ಹಾದಿಯಲ್ಲಿರುವುದು, ಹೆಚ್ಚಾಗಿ ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗಿ ಬದುಕುವ ಸಿಂಗಳೀಕಗಳ ಅಭಯಾರಣ್ಯ. ಮರಗಳ ಸಾಲು ಒಂದೆಡೆ ತುಂಡಾದರೆ ಅವುಗಳ ದಾರಿಯೇ ತುಂಡಾಯಿತು. 2025ರ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಿಗೆ ಜನ ಕಿಕ್ಕಿರಿದು ಬಂದು ವಿರೋಧಿಸಿದರು.

ಭಾರತದ 2006ರ ಪರಿಸರ ಪರಿಣಾಮ ಪರಿಶೀಲನೆಯ ಅಧಿಸೂಚನೆಯಂತೆ ಅಹವಾಲಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಸಾಕು, ಜನರ ನುಡಿಯಲ್ಲಿ ವರದಿಯ ಸಾರಾಂಶವಿದ್ದರೆ ಸಾಕು. ಜಲವಿದ್ಯುತ್ತಿನಲ್ಲಾದರೋ 25 ಮೆಗಾವ್ಯಾಟಿಗಿಂತ ಕಡಿಮೆಯ ಯೋಜನೆಗಳು ಈ ಪರಿಶೀಲನೆಯ ಹೊರಗೇ ಉಳಿಯುತ್ತವೆ. ಹೊಳೆಯನ್ನು ತುಂಡುತುಂಡಾಗಿ ಹಂಚಿಕೊಳ್ಳಲು ಇದಕ್ಕಿಂತ ಸುಲಭದ ಬಾಗಿಲು ಬೇಕೆ? ಈ ಮಿತಿ ತೊಲಗಬೇಕು. ಸುರಂಗದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಮಳೆಗಾಲದಲ್ಲಿ ಗುಡ್ಡ ನಿಲ್ಲುತ್ತದೆಯೆ ಎಂಬುದನ್ನು ಸಾರಾಂಶದಲ್ಲಿ ಹುಡುಕಬೇಕಾದ ಸ್ಥಿತಿ ಗೇರುಸೊಪ್ಪೆಯ ತೋಟಿಗನಿಗೆ ಬರಬಾರದು. ಇಡೀ ವರದಿ ಕನ್ನಡದಲ್ಲಿ ಅವನ ಗ್ರಾಮ ಪಂಚಾಯಿತಿಯಲ್ಲಿ ಮೂರು ತಿಂಗಳಾದರೂ ಇದ್ದ ಮೇಲೆಯೇ ಅಹವಾಲು ಸಭೆಗೆ ದಿನ ಗೊತ್ತುಮಾಡಲಿ.