ಹೊಳೆಗೆ ಬಣ್ಣ, ತಲೆಗೆ ಟೋಪಿ

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾರ ಮುಹೂರ್ತ, ಯಾರ ಮುನಿಸು, ಯಾರ ಕಾಲ್‌ಶೀಟು ಯಾರ ಪಾಲಾಯಿತು... ಎಲ್ಲವನ್ನೂ ಗಂಟು ಕಟ್ಟಿ ಮುಂದಿನ ವಾರಕ್ಕೆ ಇಟ್ಟಿದ್ದೇನೆ. ಇವತ್ತು ನಿಮ್ಮನ್ನು ಒಂದು ಹೊಳೆಯ ದಂಡೆಗೆ ಕರೆದೊಯ್ಯಬೇಕು. ಹೊಳೆ ಇರುವುದು ಅಮೆರಿಕದ ಶಿಕಾಗೋದಲ್ಲಿ. ನೀರಿನ ಬಣ್ಣ ಹಸಿರು. ಪಾಚಿ ಹಸಿರಲ್ಲ ಸ್ವಾಮೀ, ಹೋಳಿ ಹುಣ್ಣಿಮೆಯ ಓಕುಳಿ ಹಸಿರು!

‘ದಿ ಫ್ಯುಜಿಟಿವ್’ ನೋಡಿದವರಿಗೆ ಈಗಾಗಲೇ ವಾಸನೆ ಹತ್ತಿರಬೇಕು. 1993ರ ಚಿತ್ರ. ಹೆಂಡತಿಯನ್ನು ಕೊಂದ ಸುಳ್ಳು ಆರೋಪ ಹೊತ್ತ ಡಾಕ್ಟರಾಗಿ ಹ್ಯಾರಿಸನ್ ಫೋರ್ಡ್, ಬೆನ್ನು ಬಿದ್ದ ಅಧಿಕಾರಿಯಾಗಿ ಟಾಮಿ ಲೀ ಜೋನ್ಸ್. (ಬೆನ್ನು ಬಿದ್ದವನಿಗೇ ಆಸ್ಕರ್ ಸಿಕ್ಕಿತು, ಓಡಿದವನಿಗೆ ಸಿಗಲಿಲ್ಲ. ಇದು ಲೋಕದ ನ್ಯಾಯ.) ನಮ್ಮವರೇನು ಸುಮ್ಮನಿದ್ದರೇ? ಅದೇ ಕಥೆಯ ಎಳೆ ಹಿಡಿದು ಮಹೇಶ್ ಭಟ್ ನಾಗಾರ್ಜುನನನ್ನು ಹಾಕಿಕೊಂಡು ‘ಕ್ರಿಮಿನಲ್’ ಮಾಡಿದರು. ಆದರೆ ಶಿಕಾಗೋ ಚಿತ್ರದ ಆ ಒಂದು ಸೀನು ಮಾತ್ರ ಯಾರ ಕೈಗೂ ಎಟುಕಲಿಲ್ಲ. ಡಾಕ್ಟರು ಓಡಿ ಓಡಿ ಬೀದಿಗೆ ಬರುತ್ತಾನೆ. ಬೀದಿ ತುಂಬಾ ಹಸಿರು ಬಟ್ಟೆ, ಬ್ಯಾಂಡು, ಬಾವುಟ. ಆ ಮೆರವಣಿಗೆಯೊಳಗೆ ನುಸುಳಿ ಮಾಯ! ನಿರ್ದೇಶಕ ಆಂಡ್ರ್ಯೂ ಡೇವಿಸ್ ಶಿಕಾಗೋದವನೇ. ಅದಕ್ಕೆಂದು ಸೆಟ್ಟು ಹಾಕಿಸುವ ಗೋಜಿಗೆ ಹೋಗದೆ, ನಿಜವಾದ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಗೇ ಕ್ಯಾಮೆರಾ ನುಗ್ಗಿಸಿಬಿಟ್ಟ.

ಎಂ.ಜಿ. ರಸ್ತೆಯ ಇಂಗ್ಲಿಷ್ ಟಾಕೀಸಿನಲ್ಲಿ ಅದನ್ನು ಎರಡು ಸಲ ನೋಡಿ ಬಂದವನು ನಾನು. ಆ ಬೀದಿಯಲ್ಲಿ ಒಂದು ದಿನ ನಿಲ್ಲಬೇಕೆಂಬ ಆಸೆ ಒಳಗೆಲ್ಲೋ ಕೂತಿತ್ತು. ಇಪ್ಪತ್ತೈದು ವರ್ಷ ಬಿಟ್ಟು ಅದು ಕೈಗೂಡಿದ್ದು ಸಿನಿಮಾದಿಂದಲ್ಲ, ಬಾಣಂತನದಿಂದ! ಮಗಳು ಶಿಕಾಗೋದಲ್ಲಿ ಹೆತ್ತಳು. ನನ್ನಾಕೆ ಅಳಲೆಕಾಯಿ, ಬಜೆ, ಮೆಣಸಿನಪುಡಿ ಕಟ್ಟಿಕೊಂಡು ಹೊರಟಳು. ಜೊತೆಗೊಂದು ಲಗೇಜಾಗಿ ನಾನು. ಮುಂದಿನ ತಿಂಗಳು ಯುಗಾದಿ ಅಲ್ಲಿಯೇ ಆಗುತ್ತದೆಂದು ನಮ್ಮ ಮನೆ ಮುಂದಿನ ಮರದ ಬೇವಿನ ಹೂ ಒಣಗಿಸಿ ಒಂದು ಪೊಟ್ಟಣ ಮಾಡಿದ್ದಳು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದವನು ಅದನ್ನು ಮೂಸಿ ನೋಡಿ, ತಲೆಯಾಡಿಸಿ, ಬುಟ್ಟಿಗೆ ಹಾಕಿದ. ಮೆಣಸಿನಪುಡಿ ಬಿಟ್ಟ, ಹೂ ಬಿಡಲಿಲ್ಲ. ಆಕೆ ಮನೆ ತಲುಪುವವರೆಗೆ ಮಾತಾಡಲಿಲ್ಲ.

2019ರ ಮಾರ್ಚ್ 16, ಶನಿವಾರ. ಹಬ್ಬದ ತಾರೀಖು 17. ಆದರೆ ಶಿಕಾಗೋದವರು ಮೆರವಣಿಗೆಯನ್ನು ಶನಿವಾರವೇ ಇಟ್ಟುಕೊಳ್ಳುತ್ತಾರೆ. ಜನ ಸೇರಬೇಕಲ್ಲ! ಅಳಿಯಂದಿರು ಬೆಳಿಗ್ಗೆಯೇ ನನ್ನನ್ನು ಸೇತುವೆಯ ಹತ್ತಿರ ಇಳಿಸಿ, “ಮಾವ, ಇಲ್ಲೇ ಇರಿ, ಕಾರು ನಿಲ್ಲಿಸಿ ಬರ್ತೀನಿ” ಅಂತ ಹೋದವರು ಒಂದೂವರೆ ಗಂಟೆ ಪತ್ತೆಯಿಲ್ಲ. ಅಷ್ಟರಲ್ಲಿ ಹೊಳೆಯಲ್ಲಿ ಆಟ ಶುರುವಾಯಿತು. ಒಂದು ದೋಣಿಯಲ್ಲಿ ನಿಂತವರು ಅಡುಗೆಮನೆಯ ಹಿಟ್ಟಿನ ಜರಡಿ ಹಿಡಿದು ಪುಡಿ ಉದುರಿಸುತ್ತಾರೆ. ಪುಡಿಯ ಬಣ್ಣ ಹಸಿರೇ ಅಲ್ಲ, ಕಿತ್ತಳೆ! ನೀರಿಗೆ ಬಿದ್ದದ್ದೇ ತಡ, ಹಸಿರು. ಹಿಂದೆಯೇ ಇನ್ನೊಂದು ದೋಣಿ ನೀರನ್ನು ಕಡೆಯುತ್ತಾ ಬರುತ್ತದೆ. ನಮ್ಮ ವಿಠ್ಠಲಾಚಾರ್ಯರು ಇದ್ದಿದ್ದರೆ ಈ ಟ್ರಿಕ್ಕಿಗೆ ಎದ್ದು ಕೈಮುಗಿಯುತ್ತಿದ್ದರು.

ಈ ಕೈಚಳಕ ಯಾರದು ಅಂತೀರಿ? ಪ್ಲಂಬರುಗಳ ಸಂಘದ್ದು. ನಲ್ಲಿ ರಿಪೇರಿಯವರು! ಹೊಳೆಗೆ ಕೊಳಚೆ ಎಲ್ಲಿಂದ ಸೇರುತ್ತಿದೆ ಎಂದು ಪತ್ತೆ ಮಾಡಲು ಪೈಪಿನೊಳಗೆ ಬಣ್ಣ ಬಿಡುವ ಪದ್ಧತಿ ಇತ್ತು. ಆ ಬಣ್ಣ ಮೆತ್ತಿ ಹಸಿರಾದ ಬಿಳಿ ಮೇಲಂಗಿಯೊಂದನ್ನು ಕಂಡು ಸಂಘದ ಮುಖಂಡ ಸ್ಟೀಫನ್ ಬೇಲಿಗೆ, ಇಡೀ ಹೊಳೆಗೇ ಹಾಕಿದರೆ ಹೇಗೆ ಅನಿಸಿತಂತೆ. 1962ರಲ್ಲಿ ಮೊದಲ ಸಲ 100 ಪೌಂಡು ಸುರಿದರು. ಅಂದಾಜು ತಪ್ಪಿ ಹೊಳೆ ಸುಮಾರು ಒಂದು ವಾರ ಹಸಿರಾಗಿಯೇ ಹರಿಯಿತು. ಈಗ ಕಡಿಮೆ ಪುಡಿ, ಅದೂ ತರಕಾರಿ ಮೂಲದ್ದು. ಅಷ್ಟು ದಿನ ನಿಲ್ಲುವುದಿಲ್ಲ.

ನನ್ನ ಸುತ್ತ ಜನವೋ ಜನ. ಎಲ್ಲರ ತಲೆ ಮೇಲೂ ಹಸಿರು ಟೋಪಿ, ಕೊರಳಲ್ಲಿ ಹಸಿರು ಮಣಿ ಸರ, ಎದೆ ಮೇಲೆ ‘ನನಗೆ ಮುತ್ತು ಕೊಡಿ, ನಾನು ಐರಿಷ್’ ಎಂಬ ಬರಹ. ಹಾಗೆ ಬರೆಸಿಕೊಂಡವರಲ್ಲಿ ಒಬ್ಬ ಚೀನೀ ಹುಡುಗ, ಇಬ್ಬರು ಮೆಕ್ಸಿಕೋದವರು, ಒಬ್ಬ ನಮ್ಮ ಆಂಧ್ರದ ಹೈದ! ಬೆಳಿಗ್ಗೆ ಹತ್ತಕ್ಕೇ ಕೈಯಲ್ಲಿ ಬಿಯರು. ಅದಕ್ಕೂ ಹಸಿರು ಬಣ್ಣ ಹಾಕಿರುತ್ತಾರೆ. ಟೋಪಿ ಮಾರುವವನ ಬಳಿ ನಾನೂ ನಿಂತೆ. ಹತ್ತು ಡಾಲರ್. ಒಳಗೆ ತಿರುಗಿಸಿ ನೋಡಿದರೆ ಚೀನಾದ ಮಾಲು. ಐರ್ಲೆಂಡಿನ ಹಬ್ಬ, ಚೀನಾದ ಟೋಪಿ, ಅಮೆರಿಕದ ತಲೆ! ನಮ್ಮ ಭಾಷೆಯಲ್ಲಿ ‘ಟೋಪಿ ಹಾಕುವುದು’ ಅಂದರೆ ಏನೆಂದು ಅವನಿಗೆ ಹೇಳೋಣ ಅನ್ನಿಸಿತು. ನಕ್ಕು ಈಚೆ ಬಂದೆ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ 2024ರಲ್ಲಿ ಹಾಕಿದ ಅಂದಾಜು ಕೇಳಿ: ಈ ಒಂದು ಹಬ್ಬಕ್ಕೆ ಅಲ್ಲಿನವರ ಖರ್ಚು 700 ಕೋಟಿ ಡಾಲರಿಗೂ ಮೇಲೆ.

ಕಂಬಿಗೆ ಆತು ಒಬ್ಬ ಮುದುಕ ನಿಂತಿದ್ದ. ಟೋಪಿ ಇಲ್ಲ, ಮಣಿ ಇಲ್ಲ. ಕಂದು ಕೋಟಿನ ಎದೆಗೆ ಪಿನ್ನು ಚುಚ್ಚಿ ಒಂದು ಚೂರು ಸೊಪ್ಪು. ನಮ್ಮ ಪುಲ್ಲಂಪುರಚಿಯ ಹಾಗೆ ಮೂರೆಲೆಯ ಪುಟ್ಟ ಗಿಡ. ಅದೇ ಶ್ಯಾಮ್‌ರಾಕ್. “ನೀವು ಟೋಪಿ ಹಾಕಿಲ್ಲವಲ್ಲ?” ಅಂದೆ. “ನಾನು ನಿಜವಾಗಿ ಐರ್ಲೆಂಡಿನವನು. ಅದಕ್ಕೇ” ಅಂದ! ಮಾತಿಗೆ ಮಾತು ಬೆಳೆಯಿತು. ಊರು ಮೇಯೋ ಜಿಲ್ಲೆ ಅಂದ. ಸಿನಿಮಾ ಹುಚ್ಚನಿಗೆ ಅಷ್ಟು ಸಾಲದೇ? “ಜಾನ್ ಫೋರ್ಡ್! ‘ದಿ ಕ್ವಯಟ್ ಮ್ಯಾನ್’! ಕಾಂಗ್ ಹಳ್ಳಿ!” ಎಂದು ಕೂಗಿಬಿಟ್ಟೆ. ಮುದುಕನ ಕಣ್ಣು ಅಗಲವಾಯಿತು. 1951ರ ಬೇಸಿಗೆಯಲ್ಲಿ ಆ ಶೂಟಿಂಗ್ ನೋಡಲು ಅಣ್ಣ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿದ್ದನಂತೆ. ಆಗ ಎಂಟು ವರ್ಷ. “ಜಾನ್ ವೇಯ್ನ್ ಬೆಟ್ಟದ ಹಾಗಿದ್ದ. ಮಾರೀನ್ ಓಹಾರಾ ಕೂದಲು ಬೆಂಕಿಯ ಹಾಗಿತ್ತು.”

ತಮ್ಮಂದಿರೇ, ಆ ಚಿತ್ರ ಸಿಕ್ಕರೆ ನೋಡಿ. ಅಮೆರಿಕದಲ್ಲಿ ಬೆಳೆದವನೊಬ್ಬ ಐರ್ಲೆಂಡಿನ ತನ್ನ ಹುಟ್ಟೂರಿಗೆ ವಾಪಸು ಬರುವ ಕಥೆ. ಫೋರ್ಡನ ಅಪ್ಪ ಅಮ್ಮ ಗಾಲ್ವೇ ಕಡೆಯಿಂದ ವಲಸೆ ಹೋದವರು. ಮಗ ಹುಟ್ಟಿದ್ದು ಅಮೆರಿಕದಲ್ಲಿ. ಅವನು ತೋರಿಸಿದ್ದು ಕಣ್ಣಾರೆ ಕಂಡ ಊರಲ್ಲ, ಮನೆಯಲ್ಲಿ ಕೇಳಿ ಕೇಳಿ ಮನಸ್ಸಿನಲ್ಲಿ ಕಟ್ಟಿಕೊಂಡ ಊರು. ಅದಕ್ಕೇ ಅಷ್ಟು ಹಸಿರು! ನಿರ್ದೇಶನಕ್ಕೂ ಛಾಯಾಗ್ರಹಣಕ್ಕೂ ಆಸ್ಕರ್ ಬಂತು. ಇವತ್ತಿಗೂ ಪ್ರವಾಸಿಗಳು ಆ ಸಿನಿಮಾದ ಊರನ್ನು ಹುಡುಕಿಕೊಂಡು ಕಾಂಗ್‌ಗೆ ಬರುತ್ತಾರೆ.

ಹಬ್ಬದ ಕಥೆಯೂ ಇದೇ ನೋಡಿ. ಮೂಲ ಪುರುಷ ಪ್ಯಾಟ್ರಿಕ್ ಐರ್ಲೆಂಡಿನವನೇ ಅಲ್ಲ! ಐದನೆಯ ಶತಮಾನದಲ್ಲಿ ಬ್ರಿಟನ್ನಿನಿಂದ ಕಡಲುಗಳ್ಳರು ಹೊತ್ತೊಯ್ದ ಹದಿನಾರರ ಹುಡುಗ. ಆರು ವರ್ಷ ಗುಲಾಮನಾಗಿ ಮಂದೆ ಕಾಯ್ದ, ತಪ್ಪಿಸಿಕೊಂಡ, ಆಮೇಲೆ ಧರ್ಮ ಬೋಧಿಸಲು ತಾನಾಗಿಯೇ ಅಲ್ಲಿಗೆ ಮರಳಿದ. ಮುದುಕನ ಬಾಲ್ಯದಲ್ಲಿ ಅವನ ದಿನವೆಂದರೆ ಬೆಳಿಗ್ಗೆ ಚರ್ಚು, ಎದೆಗೆ ಮೂರೆಲೆ, ಮಧ್ಯಾಹ್ನ ಊಟ, ಮುಗಿಯಿತು. 1927ರ ಕಾನೂನು ಆ ದಿನ ಹೆಂಡದಂಗಡಿಗೇ ಬೀಗ ಹಾಕಿಸಿತ್ತು, ದಶಕಗಳ ಕಾಲ. ಡಬ್ಲಿನ್‌ನಲ್ಲಿ ಗಂಟಲು ಒಣಗಿದವರು ನಾಯಿಗಳ ಪ್ರದರ್ಶನಕ್ಕೆ ಹೋಗುತ್ತಿದ್ದರಂತೆ. ಅಲ್ಲೊಂದು ಕಡೆ ಮಾತ್ರ ಕುಡಿಯಲು ಸಿಗುತ್ತಿತ್ತು!

ಹಾಗಾದರೆ ಈ ಬ್ಯಾಂಡು, ಮೆರವಣಿಗೆ ಎಲ್ಲಿಂದ ಬಂತು? ಊರು ಬಿಟ್ಟವರಿಂದ. ನ್ಯೂಯಾರ್ಕಿನ ಮೆರವಣಿಗೆ 1762ರಷ್ಟು ಹಳೆಯದು. ಆದರೆ ಅದಕ್ಕೆ ಜನಬಲ ಬಂದದ್ದು ಹಸಿವಿನಿಂದ. 1841ರಲ್ಲಿ ಐರ್ಲೆಂಡಿನ ಜನಸಂಖ್ಯೆ 81 ಲಕ್ಷದ ಮೇಲಿತ್ತು. 1845ರಿಂದ ಆಲೂಗಡ್ಡೆಗೆ ರೋಗ ಬಿತ್ತು. ಏಳು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಬ್ರಿಟಿಷರ ಆಳ್ವಿಕೆ. ಜನ ಸಾಯುತ್ತಿರುವಾಗಲೇ ಧಾನ್ಯ ಹೊರದೇಶಕ್ಕೆ ಸಾಗುತ್ತಿತ್ತು. (ಆಗ ನಮ್ಮ ಕಲ್ಕತ್ತೆಯಿಂದಲೂ ಚಂದಾ ಎತ್ತಿ ಕಳಿಸಿದ್ದರು.) ಇಂದಿಗೂ ಆ ಇಡೀ ದ್ವೀಪದ ಜನಸಂಖ್ಯೆ 1841ರ ಮಟ್ಟಕ್ಕೆ ಮರಳಿಲ್ಲ. ಅಮೆರಿಕದಲ್ಲಿ ‘ಐರಿಷರಿಗೆ ಕೆಲಸವಿಲ್ಲ’ ಎಂಬ ಜಾಹೀರಾತುಗಳನ್ನು ಓದಿದವರು, ವರ್ಷಕ್ಕೊಂದು ದಿನ ಒಳ್ಳೆಯ ಅಂಗಿ ತೊಟ್ಟು ನಡುಬೀದಿಯಲ್ಲಿ ನಡೆದರು. ನಾವೂ ಇದ್ದೇವೆ, ನಮಗೂ ಓಟಿದೆ ಎಂದು ತೋರಿಸಲು. ಊರಲ್ಲಿ ತಿನ್ನುತ್ತಿದ್ದ ಹಂದಿಮಾಂಸದ ಬದಲು ನ್ಯೂಯಾರ್ಕಿನ ಯಹೂದಿ ಕಟುಕರ ಅಂಗಡಿಯ ಉಪ್ಪು ಹಾಕಿದ ದನದ ಮಾಂಸವನ್ನು ಕೋಸಿನ ಜೊತೆ ಬೇಯಿಸಿದರು. ಅದೇ ಈಗ ಹಬ್ಬದಡುಗೆ.

ಆಮೇಲೆ ವ್ಯಾಪಾರಿ ಬಂದ. ಅವನು ಬಾರದ ಜಾತ್ರೆ ಯಾವುದು ಹೇಳಿ? ಹಳೆಯ ಕಥೆಗಳಲ್ಲಿ ಕೆಂಪು ಕೋಟು ತೊಡುತ್ತಿದ್ದ ಕುಳ್ಳ ಲೆಪ್ರೆಕಾನ್ ಹಸಿರು ಟೋಪಿಯ ಬೊಂಬೆಯಾದ. ಡಿಸ್ನಿಯವರು 1959ರಲ್ಲಿ ಅಂಥ ಕುಳ್ಳರ ಮೇಲೆಯೇ ‘ಡಾರ್ಬಿ ಓಗಿಲ್’ ಚಿತ್ರ ತೆಗೆದರು. ಅದರಲ್ಲಿ ಬಾಂಡ್ ಆಗುವುದಕ್ಕೆ ಮುಂಚಿನ ಶಾನ್ ಕಾನರಿ ಹಾಡುತ್ತಾನೆ ಕಣ್ರೀ! ಇನ್ನು ಡಬ್ಲಿನ್‌ನ ಗಿನ್ನೆಸ್ ಬಿಯರು. ಅದರ ಒಡೆತನ ಈಗ ಲಂಡನ್ನಿನ ಡಿಯಾಜಿಯೋ ಕಂಪನಿಯದು. ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕೂಡ ಅದೇ ಕಂಪನಿಯ ಹಿಡಿತದಲ್ಲಿದೆ. ಬ್ರಿಗೇಡ್ ರೋಡಿನ ಹುಡುಗರು ಮಾರ್ಚ್ ಬಂತೆಂದರೆ ಹಸಿರು ಟೋಪಿ ಹಾಕುವುದು ಯಾಕೆ ಅಂತ ಇನ್ನು ಕೇಳಬೇಡಿ.

ತಮಾಷೆ ಇರುವುದು ಕೊನೆಯ ರೀಲಿನಲ್ಲಿ. ಹೊರಗೆ ಇಷ್ಟು ಗದ್ದಲವಾದ ಮೇಲೆ ಐರ್ಲೆಂಡ್ ಸರ್ಕಾರಕ್ಕೆ ಎಚ್ಚರವಾಯಿತು. 1996ರಲ್ಲಿ ಡಬ್ಲಿನ್‌ನಲ್ಲೇ ದೊಡ್ಡ ಉತ್ಸವ ಶುರು ಮಾಡಿದರು. ಅಮೆರಿಕದಲ್ಲಿ ಬೆಳೆದ ಹಬ್ಬ ತವರಿಗೆ ವಾಪಸು! 2015ರ ಬಾಂಡ್ ಚಿತ್ರ ‘ಸ್ಪೆಕ್ಟರ್’ ನೆನಪಿದೆಯೇ? ಮೊದಲ ಸೀನಿಗೆ ಮೆಕ್ಸಿಕೋ ನಗರದಲ್ಲಿ ಸತ್ತವರ ಹಬ್ಬದ ಮೆರವಣಿಗೆಯನ್ನು ಸೃಷ್ಟಿಸಿದರು. ಅಂಥ ಮೆರವಣಿಗೆ ಅಲ್ಲಿ ಇರಲೇ ಇಲ್ಲ. ಮರುವರ್ಷದಿಂದ ನಗರದವರು ನಿಜವಾಗಿಯೇ ನಡೆಸತೊಡಗಿದರು. ಡಬ್ಲಿನ್ ಕಥೆಯೂ ಅದರ ಅಣ್ಣನೇ.

ಮುದುಕನಿಗೆ ಇದೆಲ್ಲ ಹೇಳಿ, “ನಿಮ್ಮ ಹಬ್ಬವನ್ನು ಹೀಗೆ ಬೀದಿಯಲ್ಲಿ ಮಾರುತ್ತಾರಲ್ಲ, ಬೇಜಾರಾಗಲ್ವೇ?” ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದ. 1963ರಲ್ಲಿ ಬಂದವನಿಗೆ ಪ್ರತಿ ಮಾರ್ಚ್‌ನಲ್ಲಿ ತಾಯಿ ಒಂದು ಸಣ್ಣ ರಟ್ಟಿನ ಡಬ್ಬಿ ಅಂಚೆಯಲ್ಲಿ ಕಳಿಸುತ್ತಿದ್ದಳಂತೆ. ಒದ್ದೆ ಹತ್ತಿಯ ನಡುವೆ ಹೊಲದ ಶ್ಯಾಮ್‌ರಾಕ್. ಇಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಬಾಡಿರುತ್ತಿತ್ತು. ಅದನ್ನೇ ಎದೆಗೆ ಚುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. “ಅಮ್ಮ ಹೋದ ಮೇಲೆ ಡಬ್ಬಿ ಬರಲಿಲ್ಲ. ಇದು ಸೂಪರ್ ಮಾರ್ಕೆಟ್ಟಿನದು” ಎಂದು ಎದೆಯ ಮೇಲಿನ ಮೂರೆಲೆ ಮುಟ್ಟಿ ತೋರಿಸಿದ. “ಮಾರದಿದ್ದರೆ ನನಗೆ ಇದೂ ಸಿಗ್ತಿರಲಿಲ್ಲ.”

ನನ್ನ ಬಾಯಿ ಬಂದ್. ಅಷ್ಟರಲ್ಲಿ ಅಳಿಯಂದಿರು ಏದುಸಿರು ಬಿಡುತ್ತಾ ಬಂದರು. ಅವರ ತಲೆ ಮೇಲೆ ಹಸಿರು ಟೋಪಿ, ಕೈಯಲ್ಲಿ ಮೊಮ್ಮಗನಿಗೆಂದು ಅಂಗೈಯಗಲದ ಒಂದು ಹಸಿರು ಅಂಗಿ!

ಏಪ್ರಿಲ್ 6ಕ್ಕೆ ಯುಗಾದಿ. ಹಿಂದಿನ ದಿನ ಡೆವನ್ ಅವೆನ್ಯೂಗೆ ಹೋದೆವು. ಶಿಕಾಗೋದ ಇಂಡಿಯಾ ಬಜಾರು ಅದು. ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನೊಳಗೆ ಒಂದು ಹಿಡಿ ಬೇವಿನ ಎಲೆ, ನಾಲ್ಕು ಕಡ್ಡಿ ಹೂ. ಮೇಲೆ ‘ಯುಗಾದಿ ಸ್ಪೆಷಲ್’ ಎಂಬ ಚೀಟಿ. ಬೆಲೆ ನಾಲ್ಕು ಡಾಲರ್.

“ಬೇವಿಗೆ ನಾಲ್ಕು ಡಾಲರಾ? ನಮ್ಮ ಮನೆ ಮುಂದೆ ಕಸ ಗುಡಿಸೋರು ಬೈಕೊಂಡು ಗುಡಿಸ್ತಾರೆ!” ಅಂದೆ.

“ಎರಡು ತಗೊಳ್ರೀ. ಒಂದು ಬಾಗಿಲಿಗೆ” ಅಂದಳು ಆಕೆ.

ಎಂಟು ಡಾಲರ್ ಎಣಿಸಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ.