ರಾಜವಂಶಗಳೂ ನಮ್ಮ ಊಹೆಗಳೂ

ಕಥೆಗಳಲ್ಲಿ ಬರುವ ರಾಜಮನೆತನಗಳ ಹುಟ್ಟು ಬೆಳವಣಿಗೆಗಳನ್ನು ಕುರಿತು ಊಹೆಗಳನ್ನು ಕಟ್ಟುವುದು ಇಂದಿನ ವಿದ್ಯಾರ್ಥಿಗಳಿಗೆ ಅತ್ಯಂತ ಪ್ರಿಯವಾದ ವಿನೋದಗಳಲ್ಲೊಂದು. 2015ರಲ್ಲಿ ‘ಬಾಹುಬಲಿ’ ಚಲಚ್ಚಿತ್ರದ ಮೊದಲ ಭಾಗವು ಒಂದು ಪ್ರಶ್ನೆಯನ್ನು ಮುಂದಿಟ್ಟು ಮುಗಿದಾಗ, 2017ರಲ್ಲಿ ಎರಡನೆಯ ಭಾಗವು ಬರುವವರೆಗೂ, ಮಾಹಿಷ್ಮತಿಯ ಸಿಂಹಾಸನಕ್ಕೂ ಕಟ್ಟಪ್ಪನ ಕುಲಕ್ಕೂ ಇದ್ದ ಸಂಬಂಧವನ್ನು ಚರ್ಚಿಸದ ಮಕ್ಕಳೇ ಇರಲಿಲ್ಲವೆಂದರೂ ಸಲ್ಲುತ್ತದೆ. ಹಿರಿಯರಲ್ಲಿ ಕೆಲವರು ಇದನ್ನು ಕಾಲಹರಣವೆಂದು ಗದರಿಸುವುದುಂಟು. ನನಗೆ ಹಾಗೆನಿಸುವುದಿಲ್ಲ. ಈ ವಿನೋದದಲ್ಲಿ ಒಂದು ಶಿಸ್ತು ಅಡಗಿದೆ. ಅದನ್ನು ನಾವು ಗಮನಿಸಿದ್ದರೆ ಚರಿತ್ರೆಯ ಪಾಠಕ್ಕೂ ಎರವಲು ಪಡೆಯುತ್ತಿದ್ದೆವು.

ಉದಾಹರಣೆಗೆ ‘ಹ್ಯಾರಿ ಪಾಟರ್’ ಕಾದಂಬರಿಮಾಲೆಯನ್ನು ತೆಗೆದುಕೊಳ್ಳಿರಿ. ಅದರಲ್ಲಿ ‘ಬ್ಲ್ಯಾಕ್’ ಎಂಬ ಪುರಾತನವೂ ಕುಲೀನವೂ ಆದ ಮನೆತನವೊಂದಿದೆ. 2003ರಲ್ಲಿ ಹೊರಬಂದ ಐದನೆಯ ಸಂಪುಟದಲ್ಲಿ ಆ ಮನೆತನದ ವಂಶವೃಕ್ಷವನ್ನು ಹೆಣೆದ ಗೋಡೆಯ ಪರದೆಯೊಂದರ ವರ್ಣನೆ ಬರುತ್ತದೆ. ಅದೇ ಮನೆಯನ್ನು ಚೊಕ್ಕಟಗೊಳಿಸುವಾಗ ಯಾರಿಂದಲೂ ತೆರೆಯಲಾಗದ ಭಾರವಾದ ಪದಕವೊಂದು ದೊರೆತ ಸಂಗತಿಯನ್ನು ಲೇಖಕಿಯು ಮಾತಿನ ನಡುವೆ ಹೇಳಿ ಮುಂದೆ ಸಾಗುವಳು. 2005ರ ಆರನೆಯ ಸಂಪುಟದ ಕೊನೆಯಲ್ಲಿ ಒಂದು ಚೀಟಿ. ಅದರ ಅಡಿಯಲ್ಲಿ ‘ಆರ್. ಎ. ಬಿ.’ ಎಂಬ ಮೂರೇ ಅಕ್ಷರಗಳು. ಇವನಾರು? ಓದುಗರು ಹಿಂದಿನ ಸಂಪುಟಗಳನ್ನು ಮತ್ತೆ ತೆರೆದರು, ಪದಕವನ್ನು ನೆನೆದರು, ಪರದೆಯ ಮೇಲಿನ ಹೆಸರುಗಳನ್ನು ತಡವಿದರು, ಸತ್ತುಹೋಗಿದ್ದ ರೆಗ್ಯುಲಸ್ ಬ್ಲ್ಯಾಕ್ ಎಂಬವನೇ ಇವನಿರಬೇಕೆಂದರು. ಆಗ ಕೆಲವರಿಗೆ ಭಾಷಾಂತರಗಳನ್ನು ನೋಡುವ ಯುಕ್ತಿ ಹೊಳೆಯಿತು. ಡಚ್ ಭಾಷೆಯಲ್ಲಿ ಬ್ಲ್ಯಾಕ್ ಮನೆತನದ ಹೆಸರನ್ನು ‘ಜ್ವಾರ್ಟ್ಸ್’ ಎಂದು ಮಾರ್ಪಡಿಸಿದ್ದರು. ಆ ಚೀಟಿಯಲ್ಲಿಯೂ ಕೊನೆಯ ಅಕ್ಷರವು ‘ಬಿ’ ಹೋಗಿ ‘ಜೆಡ್’ ಆಗಿತ್ತು! ನಾರ್ವೆಯ ಭಾಷಾಂತರದಲ್ಲಿಯೂ ಅದೇ ಬಗೆಯ ಮಾರ್ಪಾಟು. 2007ರ ಏಳನೆಯ ಸಂಪುಟವು ಬಂದಾಗ ಊಹೆಯು ದಿಟವೆಂದು ತಿಳಿಯಿತು.

ಇಂತಹ ಚರ್ಚೆಗಳಲ್ಲಿ ಒಬ್ಬನು ಊಹೆಯನ್ನು ಮುಂದಿಟ್ಟೊಡನೆ ಮತ್ತೊಬ್ಬನು “ಯಾವ ಸಂಪುಟದ ಯಾವ ಪುಟದಲ್ಲಿದೆ?” ಎಂದು ಕೇಳಿಯೇ ಕೇಳುವನು. ಪುಟವನ್ನು ತೋರಿಸಲಾರದವನು ನಗೆಗೀಡಾಗುವನು. ತನಗೆ ಮೆಚ್ಚಿಗೆಯಾದ ಪಾತ್ರವೇ ರಾಜಕುಮಾರನಾಗಲೆಂಬ ಹಂಬಲವು ಎಲ್ಲರಿಗೂ ಉಂಟು. ಆದರೆ ಹಂಬಲವನ್ನು ಆಧಾರವೆಂದು ಯಾರೂ ಒಪ್ಪುವುದಿಲ್ಲ. ಹನ್ನೆರಡು ವರುಷದ ಬಾಲಕರಲ್ಲಿ ಇಷ್ಟು ವಿವೇಕವಿರುವುದು ಸಂತೋಷದ ಸಂಗತಿ. ಆಶ್ಚರ್ಯವೆಂದರೆ, ಮಾತು ನಿಜವಾದ ರಾಜಮನೆತನಗಳತ್ತ ತಿರುಗಿದೊಡನೆ ಈ ವಿವೇಕವು ಹಿರಿಯರನ್ನೂ ಕಿರಿಯರನ್ನೂ ಒಮ್ಮೆಲೇ ಬಿಟ್ಟುಹೋಗುವುದು.

ದೂರ ಹೋಗಬೇಕಾಗಿಲ್ಲ. ಠಾಕುರ್ಲಿಯಲ್ಲಿ ರೈಲನ್ನು ಹತ್ತಿ ಕರ್ಜತ್ ಮಾರ್ಗದಲ್ಲಿ ಕಲ್ಯಾಣ, ವಿಠ್ಠಲವಾಡಿ, ಉಲ್ಹಾಸನಗರಗಳನ್ನು ದಾಟಿದರೆ ಅಂಬರನಾಥವು ಸಿಗುತ್ತದೆ. ಅಲ್ಲಿ ವಾಲಧುನಿ ನದಿಯ ದಡದಲ್ಲಿರುವ ಶಿವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದನ್ನು ಕಟ್ಟಿಸಿದವರು ಶಿಲಾಹಾರರು. ಸುಮಾರು 800ರಿಂದ 1265ರವರೆಗೆ ಠಾಣೆಯ, ಅಂದಿನ ‘ಸ್ಥಾನಕ’ದ, ಸುತ್ತಣ ಉತ್ತರ ಕೊಂಕಣವನ್ನು ಆಳಿದವರು ಇವರೇ. ದೇವಾಲಯದ ಶಾಸನದಲ್ಲಿ ‘ಮಾಮ್ವಾಣಿ’ ಎಂಬ ರಾಜನ ಹೆಸರಿದೆ. ಮುಮ್ಮುಣಿಯೆಂದು ಇತಿಹಾಸಕಾರರು ಕರೆಯುವ ಅರಸನೇ ಇವನು. ಶಾಸನದ ಕಾಲವನ್ನು ಮೊದಲು ಶಕ 782 ಎಂದು ಓದಲಾಗಿತ್ತು. ತರುವಾಯ ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಅದನ್ನು ಮರಳಿ ಪರೀಕ್ಷಿಸಿ ಶಕ 982, ಎಂದರೆ ಕ್ರಿ. ಶ. 1060, ಎಂದು ತೋರಿಸಿಕೊಟ್ಟರು. ಒಂದೇ ಒಂದು ಅಂಕೆಯ ವ್ಯತ್ಯಾಸದಿಂದ ಗುಡಿಯು ಇನ್ನೂರು ವರ್ಷ ಚಿಕ್ಕದಾಯಿತು!

ಈ ಶಿಲಾಹಾರರು ತಮ್ಮ ಮೂಲಪುರುಷನು ಯಾರೆಂದು ಹೇಳಿಕೊಂಡರು ಬಲ್ಲಿರಾ? ಜೀಮೂತವಾಹನನೆಂದು! ಜೀಮೂತವಾಹನನು ವಿದ್ಯಾಧರರ, ಎಂದರೆ ಆಕಾಶದಲ್ಲಿ ಸಂಚರಿಸುವ ದಿವ್ಯಜನರ, ರಾಜಕುಮಾರ. ನಾಗರು ತಮ್ಮ ಕುಲವನ್ನು ಉಳಿಸಿಕೊಳ್ಳುವ ಸಲುವಾಗಿ ದಿನಕ್ಕೊಬ್ಬನಂತೆ ಗರುಡನಿಗೆ ಆಹಾರವಾಗಿ ಹೋಗುತ್ತಿದ್ದರು. ಒಂದು ದಿನ ಶಂಖಚೂಡನೆಂಬ ನಾಗನ ಸರದಿ ಬಂದಿತು. ಅವನ ತಾಯಿಯ ಗೋಳನ್ನು ಕೇಳಲಾರದೆ ಜೀಮೂತವಾಹನನು ತಾನೇ ಹೋಗಿ ವಧ್ಯಶಿಲೆಯ ಮೇಲೆ ಮಲಗಿದನು. ಗರುಡನು ಅವನನ್ನು ಕಚ್ಚಿ ತಿನ್ನತೊಡಗಿ, ಆಮೇಲೆ ನಿಜವನ್ನರಿತು ಪಶ್ಚಾತ್ತಾಪಗೊಂಡನು. ಏಳನೆಯ ಶತಮಾನದ ಹರ್ಷ ಚಕ್ರವರ್ತಿಯು ಈ ಕಥೆಯನ್ನು ‘ನಾಗಾನಂದ’ವೆಂಬ ನಾಟಕವನ್ನಾಗಿ ರಚಿಸಿದನು. ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಇದು ಎರಡು ಕಡೆ ಬರುತ್ತದೆ, ಅದರಲ್ಲೊಂದು ಬೇತಾಳನು ಹೇಳುವ ಕಥೆ. ಇವುಗಳ ಮೂಲವೆನ್ನಲಾದ ಗುಣಾಢ್ಯನ ‘ಬೃಹತ್ಕಥೆ’ಯನ್ನು ನಮ್ಮ ಗಂಗವಂಶದ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ತಾಮ್ರಶಾಸನವು ಹೇಳುವುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಹಾರುವ ರಾಜಕುಮಾರರು, ಮಂತ್ರವಿದ್ಯೆಗಳು, ಕಥೆಯೊಳಗೊಂದು ಕಥೆ — ಅಂದಿನ ಅದ್ಭುತ ಕಥಾಮಾಲೆಯೆಂದರೆ ಇದೇ.

ಇಂದಿನ ಓದುಗರು ಕಲ್ಪಿತ ರಾಜಕುಮಾರನ ವಂಶವೃಕ್ಷವನ್ನು ಹುಡುಕುವರು. ಅಂದಿನ ರಾಜಕುಮಾರರು ತಾವೇ ಹೋಗಿ ಕಲ್ಪಿತ ವಂಶವೃಕ್ಷದ ಕೊಂಬೆಯನ್ನೇರಿ ಕುಳಿತರು! ಅದೂ ನಾಚಿಕೆಯಿಲ್ಲದೆ. ಹನ್ನೆರಡನೆಯ ಶತಮಾನದ ಅಪರಾದಿತ್ಯನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವು ಪ್ರೌಢವಾದ ಧರ್ಮಶಾಸ್ತ್ರಗ್ರಂಥ. ಸಾಕ್ಷ್ಯವೆಂದರೇನು, ಪ್ರಮಾಣವೆಂದರೇನು ಎಂಬುದನ್ನೆಲ್ಲ ವಿಚಾರಮಾಡುವ ಗ್ರಂಥ. ಅದರಲ್ಲಿಯೂ ಅವನು ತನ್ನನ್ನು ಜೀಮೂತವಾಹನನ ಅನ್ವಯದಲ್ಲಿ ಹುಟ್ಟಿದ ವಿದ್ಯಾಧರನೆಂದೇ ಕರೆದುಕೊಂಡಿದ್ದಾನೆ. ಇದಕ್ಕೂ ಮುಂಚೆ, ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಎಂಬ ಮೂವರು ಸಹೋದರರ ಆಶ್ರಯದಲ್ಲಿದ್ದ ಸೊಡ್ಢಲನೆಂಬ ಕವಿಯು ನಾಗರಾಜನ ಮಗಳ ಪ್ರಣಯವನ್ನು ವರ್ಣಿಸುವ ‘ಉದಯಸುಂದರೀಕಥಾ’ ಎಂಬ ಚಂಪುವನ್ನು ಬರೆದನು. ಅವನು ಕೂಡ ತನ್ನ ಕುಲವನ್ನು ವಲಭಿಯ ಅರಸನಾದ ಶಿಲಾದಿತ್ಯನ ಸಹೋದರನೊಬ್ಬನಿಗೆ ಗಂಟುಹಾಕಿಕೊಳ್ಳುವುದನ್ನು ಮರೆಯಲಿಲ್ಲ. ಒಟ್ಟಿನಲ್ಲಿ ಠಾಣೆಯ ಆಸ್ಥಾನದಲ್ಲಿ ಅರಸನಿಗೂ ಕವಿಗೂ ಈ ಚಪಲವು ಒಂದೇ ಸಮನಾಗಿತ್ತು.

ಈ ಸಂಬಂಧವು ಹೇಗೆ ಹುಟ್ಟಿತು? ನನ್ನ ಅಭಿಪ್ರಾಯವಿದು. ಈ ಕುಲದ ಹೆಸರು ಶಾಸನಗಳಲ್ಲಿ ಒಂದೇ ರೂಪದಲ್ಲಿಲ್ಲ. 1008ರ ಖಾರೇಪಾಟಣದ ತಾಮ್ರಪಟಗಳಲ್ಲಿ ‘ಸಿಲಾರ’ ಎಂದಿದೆ. ಇಂತಹ ದೇಶ್ಯವೆಂದು ತೋರುವ ಹೆಸರನ್ನು ಸಂಸ್ಕೃತಪಂಡಿತರು ‘ಶಿಲಾಹಾರ’ವೆಂದು ತಿದ್ದಿದರು, ತಿದ್ದಿದೊಡನೆ ಶಿಲೆಯ ಮೇಲಿನ ಆಹಾರವೆಂಬ ಅರ್ಥವು ಹೊಳೆಯಿತು, ಅರ್ಥವು ಹೊಳೆದೊಡನೆ ‘ನಾಗಾನಂದ’ದ ನಾಯಕನು ಸಿದ್ಧನಾಗಿಯೇ ಇದ್ದನು. ಹೆಸರು ಮೊದಲು, ಕಥೆ ಆಮೇಲೆ. ಕನ್ನಡನಾಡಿನ ಹೊಯ್ಸಳ ಎಂಬ ಹೆಸರಿಗೆ ಹುಲಿಯೂ ಸಳನೂ, ಚಾಲುಕ್ಯ ಎಂಬ ಹೆಸರಿಗೆ ಬೊಗಸೆಯ ನೀರೂ ಬಂದು ಸೇರಿದ ಬಗೆಯೂ ಇದಕ್ಕಿಂತ ಬೇರೆಯಲ್ಲ.

ಹೆಸರಿನ ನಾದವನ್ನು ನೆಚ್ಚಿ ನಡೆದರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂಬುದಕ್ಕೆ ಠಾಕುರ್ಲಿಯಲ್ಲಿಯೇ ನಿದರ್ಶನವಿದೆ. ಹಿಂದೆ ರೈಲ್ವೆಗೆ ವಿದ್ಯುತ್ತನ್ನು ಒದಗಿಸುತ್ತಿದ್ದ ಇಲ್ಲಿಯ ಕೇಂದ್ರಕ್ಕೆ ‘ಚೋಳ ಪವರ್‌ಹೌಸ್’ ಎಂಬ ಹೆಸರಿತ್ತು. ರಾಜೇಂದ್ರ ಚೋಳನ ದಿಗ್ವಿಜಯವನ್ನು ಓದಿದ ಬಾಲಕನೊಬ್ಬನು ಈ ಹೆಸರನ್ನು ಕೇಳಿ ತಂಜಾವೂರಿನ ಸೇನೆಯನ್ನು ಉಲ್ಹಾಸ ನದಿಯ ದಡಕ್ಕೆ ತರುವುದು ಕಷ್ಟವಲ್ಲ. ಆದರೆ ಪಕ್ಕದಲ್ಲಿಯೇ ‘ಚೋಳೆ’ ಎಂಬ ಗ್ರಾಮವಿದೆ. ಹೆಸರು ಬಂದುದು ಅಲ್ಲಿಂದ. ಹಾಗೆಯೇ ‘ಠಾಕುರ್ಲಿ’ ಎಂಬುದನ್ನು ಕೇಳಿದೊಡನೆ ಯಾರೋ ಠಾಕೂರ ದೊರೆಯ ಅರಮನೆಯನ್ನು ಕಲ್ಪಿಸುವವರು, ಠಾಣೆ ಜಿಲ್ಲೆಯ ಗುಡ್ಡಗಾಡುಗಳಲ್ಲಿ ಠಾಕೂರರೆಂಬ ಆದಿವಾಸಿ ಜನರು ವಾಸಿಸುತ್ತಾರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೊರೆಯೇ ಏಕೆ ಬೇಕು?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಶಿಲಾಹಾರರು ಕನ್ನಡಿಗರೇ? ಹೌದೆಂದು ನಮ್ಮವರು ಅನೇಕರು ಎದೆಯುಬ್ಬಿಸಿ ಹೇಳುವರು. ಇಲ್ಲಿ ಪುಟವನ್ನು ತೋರಿಸುವ ಕಷ್ಟಕ್ಕೆ ನಾವು ಒಳಗಾಗಬೇಕು. ಇವರಿಗೆ ಕೊಂಕಣವು ದೊರೆತುದು ರಾಷ್ಟ್ರಕೂಟರ ಸಾಮಂತರಾಗಿ. ಕಾನ್ಹೇರಿಯ ಗುಹೆಗಳಲ್ಲಿರುವ ಒಂಬತ್ತನೆಯ ಶತಮಾನದ ಶಾಸನಗಳು ‘ಕವಿರಾಜಮಾರ್ಗ’ದ ಅಮೋಘವರ್ಷನನ್ನು ಸಾರ್ವಭೌಮನೆಂದೂ ಶಿಲಾಹಾರ ಪುಲ್ಲಶಕ್ತಿಯನ್ನೂ ಕಪರ್ದಿಯನ್ನೂ ಅವನ ಅಧೀನರೆಂದೂ ಹೆಸರಿಸುತ್ತವೆ. ಅಪರಾಜಿತನ ಬಿರುದುಗಳಲ್ಲಿ ‘ಮಲಗಲಗಂಡ’, ‘ನನ್ನಿಸಮುದ್ರ’ ಎಂಬವು ಬರುತ್ತವೆ. ಗಂಡ, ನನ್ನಿ ಎಂಬ ಮಾತುಗಳನ್ನು ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಕೊಲ್ಲಾಪುರದಲ್ಲಿ ಆಳಿದ ಇದೇ ಕುಲದ ಇನ್ನೊಂದು ಶಾಖೆಯವರು ಕನ್ನಡದಲ್ಲಿ ಶಾಸನಗಳನ್ನು ಬರೆಸಿದರು. ಅವರೆಲ್ಲರೂ ‘ತಗರಪುರವರಾಧೀಶ್ವರ’ರೆಂದು ಹೇಳಿಕೊಂಡರು, ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್. ರಾಷ್ಟ್ರಕೂಟರು ಹೇಳಿಕೊಂಡ ಲಟ್ಟಲೂರು, ಎಂದರೆ ಲಾತೂರು, ಅಲ್ಲಿಂದ ದೂರವಿಲ್ಲ. ಒಡೆಯನ ಮೂಲಸ್ಥಾನವೂ ಸಾಮಂತನ ಮೂಲಸ್ಥಾನವೂ ನೆರೆಹೊರೆಯಲ್ಲಿರುವುದು ಒಳ್ಳೆಯ ಸುಳಿವು. ಪಾಟರ್ ಕಥೆಯ ಪದಕದಂತಹ ಸುಳಿವು.

ಆದರೆ ಎದುರು ಪಕ್ಷದ ಪುಟಗಳನ್ನೂ ತಿರುವಬೇಕಷ್ಟೆ. ಠಾಣೆಯ ಶಾಖೆಯವರು ತಮ್ಮ ದಾನಪತ್ರಗಳನ್ನು ಬರೆಸಿದುದು ಸಂಸ್ಕೃತದಲ್ಲಿ. ಬಿರುದುಗಳನ್ನು ಒಡೆಯರ ಆಸ್ಥಾನದಿಂದ ಎರವಲು ತಂದಿರಲೂಬಹುದು. ಮನೆಯೊಳಗೆ ಅವರು ಯಾವ ನುಡಿಯನ್ನಾಡುತ್ತಿದ್ದರೆಂದು ತಾಮ್ರಪಟಗಳು ಹೇಳುವುದಿಲ್ಲ. ಆದುದರಿಂದ ‘ಕನ್ನಡದ ನಂಟುಳ್ಳ ಕುಲವಾಗಿರಬೇಕು’ ಎಂಬುದು ಬಲವಾದ ಊಹೆ, ಊಹೆಯೇ. ಕಾದಂಬರಿಯ ಓದುಗನಿಗೆ ಏಳನೆಯ ಸಂಪುಟವು ಬಂದು ತೀರ್ಪು ಹೇಳುತ್ತದೆ. ಶಿಲಾಹಾರರ ಏಳನೆಯ ಸಂಪುಟವನ್ನು ಯಾರೂ ಬರೆಯುವುದಿಲ್ಲ. ನೆಲದಡಿಯಿಂದ ಇನ್ನೊಂದು ತಾಮ್ರಪಟವು ಹೊರಬಂದರೆ ಬರಬಹುದು, ಅಷ್ಟೆ.

ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ಈ ಊರುಗಳಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿಗೆ, ನೀವು ಹೊರಗಿನವರಲ್ಲವೇ, ಎಂಬ ಪ್ರಶ್ನೆಯು ಎಂದಾದರೊಂದು ದಿನ ಎದುರಾಗುವುದುಂಟು. ಆಗ ಅಂಬರನಾಥದ ಕಡೆಗೆ ಕೈತೋರಿ ‘ಈ ಸೀಮೆಯನ್ನೆಲ್ಲ ಆಳಿದವರು ನಮ್ಮವರು’ ಎಂದುಬಿಡುವ ಆಶೆಯು ಸಹಜ. ಆ ಉತ್ತರವು ನನಗೆ ಸರಿದೋರುವುದಿಲ್ಲ. ಅದು ಆಧಾರಕ್ಕಿಂತ ಹೆಚ್ಚನ್ನು ಹೇಳುತ್ತದೆಂಬುದು ಒಂದು ದೋಷ. ಅದಕ್ಕಿಂತ ದೊಡ್ಡದು, ಸಾವಿರ ವರ್ಷದ ಹಿಂದಿನ ಅರಸನೊಬ್ಬನ ನೆಂಟಸ್ತಿಕೆಯಿಲ್ಲದೆ ಇಲ್ಲಿ ಬಾಳುವ ಹಕ್ಕು ಯಾರಿಗೂ ಇಲ್ಲವೆಂಬುದನ್ನು ನಾವೇ ಒಪ್ಪಿಕೊಂಡಂತಾಗುತ್ತದೆ. ನಾಳೆ ನೆರೆಯ ಶಾಲೆಯ ಮರಾಠಿ ಬಾಲಕನು ತನ್ನ ಪುರಾವೆಗಳನ್ನು ತಂದು ಶಿಲಾಹಾರರು ತಮ್ಮವರೆಂದು ಸಾಧಿಸಿದರೆ ನಾವು ಗಂಟುಮೂಟೆ ಕಟ್ಟಬೇಕೇ? ನಿಮ್ಮ ಅಜ್ಜಂದಿರು ಇಲ್ಲಿಗೆ ಬಂದುದು ವಿದ್ಯಾಧರರಂತೆ ಹಾರಿಕೊಂಡಲ್ಲ, ಶಿಲಾಹಾರರಂತೆ ದಂಡು ಕಟ್ಟಿಕೊಂಡೂ ಅಲ್ಲ. ರೈಲಿನ ಮೂರನೆಯ ದರ್ಜೆಯಲ್ಲಿ, ಗಿರಣಿ, ಹೋಟೆಲು, ಕಚೇರಿಗಳ ಕೆಲಸವನ್ನು ಹುಡುಕಿಕೊಂಡು. ಅವರ ಚರಿತ್ರೆಗೆ ಊಹೆ ಬೇಕಾಗಿಲ್ಲ. ಕೇಳಿದರೆ ಹೇಳುವವರು ಇನ್ನೂ ಮನೆಗಳಲ್ಲಿದ್ದಾರೆ, ಬರೆದಿಟ್ಟವರು ಮಾತ್ರ ವಿರಳ.

ಇಷ್ಟು ಹೇಳಿದ ಮೇಲೆ ಶಿಲಾಹಾರರ ಪಕ್ಷವಾಗಿಯೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಭಿವಂಡಿಯ ಬಳಿಯ ಭಾದಾಣದಲ್ಲಿ ದೊರೆತ ಅಪರಾಜಿತನ ತಾಮ್ರಪಟಗಳು ಶಕ 919ರವು, ಎಂದರೆ 997ರವು. ಅಷ್ಟು ಹೊತ್ತಿಗೆ ರಾಷ್ಟ್ರಕೂಟರು ಅಳಿದು ಎರಡು ದಶಕಗಳ ಮೇಲಾಗಿತ್ತು. 973ರಲ್ಲಿ ತೈಲಪನು ಅವರ ರಾಜ್ಯವನ್ನು ಕಿತ್ತುಕೊಂಡಿದ್ದನು. ಸತ್ತ ಒಡೆಯರನ್ನು ಸ್ತುತಿಸಿ ದೊರೆಯುವ ಲಾಭವೇನೂ ಇರಲಿಲ್ಲ. ಆದರೂ ಅಪರಾಜಿತನು ತನ್ನ ದಾನಪತ್ರದಲ್ಲಿ ರಾಷ್ಟ್ರಕೂಟರ ವಂಶಾವಳಿಯನ್ನು ಗೋವಿಂದನಿಂದ ಹಿಡಿದು ಕಕ್ಕಲನವರೆಗೆ ಹೆಸರು ಹೆಸರಾಗಿ ಬರೆಸಿ, ಆ ರಾಜ್ಯವು ನಷ್ಟವಾದುದನ್ನೂ ದಾಖಲಿಸಿದನು. ತನ್ನ ಕುಲಕ್ಕೆ ಕಥೆಯನ್ನು ನೆಚ್ಚಿದ ಮನೆತನವೇ ಒಡೆಯರ ಕುಲದ ವಿಷಯದಲ್ಲಿ ಕೊಟ್ಟ ಈ ಸಾಕ್ಷ್ಯವನ್ನು ಇತಿಹಾಸಕಾರರು ಇಂದಿಗೂ ಬೆಲೆಯುಳ್ಳದ್ದೆಂದು ಬಳಸುತ್ತಿದ್ದಾರೆ.

ಕೊನೆಗೆ, ಊಹಿಸಬಲ್ಲವರಿಗಾಗಿ ಒಂದು ಸಮಸ್ಯೆಯನ್ನು ಬಿಟ್ಟಿದ್ದೇನೆ. ಶಿಲಾಹಾರರ ಧ್ವಜದಲ್ಲಿ ಬಂಗಾರದ ಗರುಡನಿದ್ದನು. ತಮ್ಮ ಮೂಲಪುರುಷನನ್ನು ಕುಕ್ಕಿ ತಿಂದ ಪಕ್ಷಿಯನ್ನೇ ಅವರು ಏಕೆ ಹಾರಿಸಿದರು? ರಾಷ್ಟ್ರಕೂಟರ ಮುದ್ರೆಗಳಲ್ಲಿಯೂ ಗರುಡನನ್ನು ಕಾಣುತ್ತೇವೆ. ಒಡೆಯರಿಂದ ಲಾಂಛನವು ಬಂದಿತೆಂಬುದು ನನ್ನ ಊಹೆ. ಇದನ್ನು ಮುರಿಯಬಲ್ಲ ವಿದ್ಯಾರ್ಥಿಗಳು ಮುಂದಿನ ವರ್ಷದ ಸಂಚಿಕೆಗೆ ಬರೆದು ಕಳುಹಿಸಲಿ, ಶಾಸನದ ಹೆಸರನ್ನೂ ಕಾಲವನ್ನೂ ಜೊತೆಗಿರಿಸಿ.