ಹಿಡಿಕೆ ಯಾರ ಕಿಸೆಯಲ್ಲಿ?

ಯಂತ್ರದೊಳಗೆ ಕೈಯಿಡುವ ಮುನ್ನ ಅದರ ಸ್ವಿಚ್ಚನ್ನು ಬೇರೆಯವರು ಹಾಕದಂತೆ ನೋಡಿಕೊಳ್ಳಬೇಕು. ಈ ಮಾತನ್ನು ಕೊಣ್ಣೂರಿನ ಗಿರಣಿ ಕಾರ್ಮಿಕನಿಗೆ ಯಾರೂ ಕಲಿಸಬೇಕಾಗಿಲ್ಲ. ಕಲ್ಲಿನ ಖಣಿಯಲ್ಲಿ ದುಡಿಯುವವನ ಜೀವವೂ ಇದೇ ಮಾತಿನ ಮೇಲೆ ನಿಂತಿದೆ. ಅಲ್ಲಿ ಸ್ವಿಚ್ಚಿನ ಜಾಗದಲ್ಲಿರುವುದು ಎಕ್ಸ್‌ಪ್ಲೋಡರ್ ಎಂಬ ಸಣ್ಣ ಪೆಟ್ಟಿಗೆ.

ಬಂಡೆಯ ಕುಳಿಗಳಲ್ಲಿ ಮದ್ದು ತುಂಬಿ, ವಿದ್ಯುತ್ ಡಿಟೋನೇಟರುಗಳ ತಂತಿಗಳನ್ನು ಒಂದಕ್ಕೊಂದು ಜೋಡಿಸಿ, ದೂರದ ಈ ಪೆಟ್ಟಿಗೆಗೆ ತರುವುದು ಕ್ರಮ. ಹಳೆಯ ಮಾದರಿಯಲ್ಲಿ ಹಿಡಿಕೆ ತಿರುವಿದರೆ ಡೈನಮೊ ವಿದ್ಯುತ್ತು ಹುಟ್ಟಿಸುತ್ತದೆ. ಇನ್ನೊಂದರಲ್ಲಿ ಕಂಡೆನ್ಸರ್ ವಿದ್ಯುತ್ತು ತುಂಬಿಕೊಂಡು, ಗುಂಡಿ ಒತ್ತಿದೊಡನೆ ಬಿಡುತ್ತದೆ. ಒಮ್ಮೆಗೆ ಎಷ್ಟು ಕುಳಿ ಹಾರಿಸಬಹುದೆಂಬ ಮಿತಿ ಪ್ರತಿ ಪೆಟ್ಟಿಗೆಗೂ ಉಂಟು. ಮಿತಿ ಮೀರಿ ಜೋಡಿಸಿದರೆ ಕೆಲವು ಸಿಡಿಯದೆ ಉಳಿಯಬಹುದು. ಮರುದಿನ ಕಲ್ಲು ಒಡೆಯಲು ಬಂದವನ ಸುತ್ತಿಗೆ ಬೀಳುವುದು ಅದರ ಮೇಲೆ. ಹೊತ್ತು ಉಳಿಸಿದ ಲಾಭ ಗುತ್ತೇದಾರನಿಗೆ, ಸಾವು ಕೂಲಿಯವನಿಗೆ!

ಇದನ್ನರಿತೇ 1961ರ ಲೋಹಗಣಿ ನಿಯಮಾವಳಿಯು ಮಿತಿ ಮೀರಬಾರದೆಂದಿತು. ಹಾರಿಸುವ ಗಳಿಗೆಯವರೆಗೆ ಹಿಡಿಕೆಯನ್ನು ಪೆಟ್ಟಿಗೆಗೆ ಹಾಕಬಾರದು, ಹಾರಿಸಿದೊಡನೆ ತೆಗೆಯಬೇಕು ಎಂದಿತು. "ನಮ್ಮದು ಸಣ್ಣ ಖಣಿ, ಕಾಯಿದೆ ತಟ್ಟುವುದಿಲ್ಲ" ಎನ್ನುವ ಮಾಲೀಕರುಂಟು. 1952ರ ಗಣಿ ಕಾಯಿದೆ ಸಣ್ಣ ಖಣಿಗಳಿಗೆ ವಿನಾಯಿತಿ ಕೊಟ್ಟದ್ದು ನಿಜ. ಆದರೆ ಸಿಡಿಮದ್ದು ಬಳಸಿದರೆ ಆ ವಿನಾಯಿತಿ ಇಲ್ಲವೆಂದೂ ಅದೇ ಕಾಯಿದೆ ಹೇಳಿತ್ತು.

2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸಿಡಿಮದ್ದು ಸಿಡಿದು ಜನ ಸತ್ತರು. ಅವು ಎಕ್ಸ್‌ಪ್ಲೋಡರಿನ ದೋಷವಲ್ಲ. ಆದರೆ ಮದ್ದಿನ ಮೇಲೆ ಹೊಣೆಯುಳ್ಳ ಕೈಯೊಂದು ಇರದಿದ್ದರೆ ಏನಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಿದ್ಯುತ್ ಡಿಟೋನೇಟರುಗಳನ್ನು 2025ರ ಏಪ್ರಿಲ್ 1ರಿಂದ ನಿಷೇಧಿಸುವುದಾಗಿ ಕೇಂದ್ರ ಸರಕಾರ 2024ರಲ್ಲಿ ಸಾರಿತು. ಅವುಗಳ ಬದಲಿಗೆ ಬರುವ ಎಲೆಕ್ಟ್ರಾನಿಕ್ ಡಿಟೋನೇಟರಿಗೂ ಅದರದೇ ಯಂತ್ರವಿದೆ. ಪೆಟ್ಟಿಗೆ ಬದಲಾದೀತು, ಅದು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಬದಲಾಗದು.

ನಮ್ಮ ಕಿರುಕುಳ ವ್ಯಾಪಾರಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಮುದ್ರೆ ತಪ್ಪಿದರೆ ದಂಡ. ನ್ಯಾಯವೇ. ಹಾಗಾದರೆ ಮನುಷ್ಯರ ಜೀವ ತೂಗುವ ಈ ಪೆಟ್ಟಿಗೆಯ ತಪಾಸಣೆ ಅಷ್ಟೇ ಬಿಗಿಯಾಗಿರಬೇಡವೆ?

ನಾವು ಕೇಳುವುದಿಷ್ಟೇ: ಹಿಡಿಕೆಯಾಗಲಿ ಕೀಲಿಯಾಗಲಿ ಪರವಾನೆ ಪಡೆದ ಬ್ಲಾಸ್ಟರನ ಕಿಸೆಯಲ್ಲಿರಲಿ, ಗುತ್ತೇದಾರನ ಮೇಜಿನ ಮೇಲಲ್ಲ. ಪೆಟ್ಟಿಗೆಯ ಮಿತಿಯನ್ನು ಎಲ್ಲರೂ ಓದುವಂತೆ ಕನ್ನಡದಲ್ಲಿ ಬರೆದಿಡಲಿ. ಹಾರಿಸಿದ ಮೇಲೆ ಅವನು ನೋಡಿ ಒಪ್ಪುವವರೆಗೆ ಯಾವ ಕೂಲಿಯವನೂ ಬಂಡೆಯ ಹತ್ತಿರ ಹೋಗಬೇಕಾಗಿ ಬಾರದಿರಲಿ. ಗಿರಣಿಯಲ್ಲಿ ಸಂಘಟನೆಯ ಬಲ ಕಂಡವರು ಖಣಿಯ ಕೂಲಿಗಳ ಈ ಬೇಡಿಕೆಗೂ ದನಿಗೂಡಿಸಬೇಕು.